ಬಾಯಿ ಬಿಡದ ನಾಯಿ

ನಮ್ಮ ಮನೆಯಲ್ಲಿ ಐದು ನಾಯಿಗಳಿದ್ದವು. ಮೂರು ಅಪ್ಪನವು, ಎರಡು ಅಣ್ಣನವು. ಐದಕ್ಕೂ ಹೊತ್ತುಹೊತ್ತಿಗೆ ಮುದ್ದೆ ಹಾಕುತ್ತಿದ್ದವಳು ಅತ್ತಿಗೆ. ಹಿಟ್ಟು ಒಂದೇ, ಮಜ್ಜಿಗೆ ಒಂದೇ, ಆದರೂ ನಾಯಿಗಳು ಎರಡು ಪಕ್ಷವಾಗಿದ್ದವು. ಅಪ್ಪನ ನಾಯಿಗಳು ಹಂದಿಯ ಜಾಡು ಸಿಕ್ಕ ಗಳಿಗೆಯಿಂದ ಬೊಗಳಲು ಶುರುಮಾಡುತ್ತಿದ್ದವು. ಅಣ್ಣನವು ಹಂದಿಯ ಮೈಮೇಲೆ ಬೀಳುವವರೆಗೂ ಬಾಯಿ ಬಿಡುತ್ತಿರಲಿಲ್ಲ. ಬಿದ್ದ ಮೇಲೂ ಇಲ್ಲ.

ಅಜ್ಜಂಪುರದಿಂದ ಗಾಡಿಯಲ್ಲಿ ಎರಡು ಗಂಟೆಯ ದಾರಿ ನಮ್ಮೂರು. ಊರ ಹಿಂದೆ ತೆಂಗಿನ ತೋಟಗಳು, ತೋಟದಾಚೆ ರಾಗಿ, ಕಡಲೆಕಾಯಿಯ ಹೊಲಗಳು, ಹೊಲದ ಬದು ಮುಗಿದಲ್ಲಿಂದ ಸರ್ಕಾರದ ದನಗಳಿಗೆಂದು ಬಿಟ್ಟ ಕಾವಲು. ಕಾವಲೆಂದರೆ ಹುಲ್ಲು, ಜಾಲಿ, ಕಲ್ಲುಗುಡ್ಡ, ಗುಡ್ಡದ ಬುಡಕ್ಕೆಲ್ಲ ಹಬ್ಬಿಕೊಂಡ ಲಂಟಾನದ ಪೊದೆ. ಹಂದಿಗಳಿಗೆ ಅದೇ ಮನೆ. ಕಡಲೆಕಾಯಿ ಬಲಿಯುವ ಹೊತ್ತಿಗೆ ಹೊರಗೆ ಬಂದು ಹೊಲವನ್ನು ನೇಗಿಲು ಹೊಡೆದಂತೆ ಉತ್ತು ಹೋಗುತ್ತಿದ್ದವು. ಅಟ್ಟಿಸಿಕೊಂಡು ಹೋದರೆ ಮತ್ತೆ ಕಾವಲಿಗೇ ನುಗ್ಗುತ್ತಿದ್ದವು. ಅದರೊಳಗೆ ಬೇಟೆ ಕೂಡದು. ನಾಯಿ ಬೊಗಳಿದ್ದು ಕಾವಲಿನವರ ಕಿವಿಗೆ ಬಿದ್ದರೆ ಕೇಸು.

ಅಣ್ಣ ಮೂಕ ನಾಯಿಗಳನ್ನು ಸಾಕಲು ಮೊದಲ ಕಾರಣ ಇದು. ಆಮೇಲೆ ಅದೇ ಅವನ ಸಿದ್ಧಾಂತವಾಯಿತು. ಜಗಲಿಯ ಮೇಲೆ ಅಪ್ಪ ಎಲೆ ಅಡಿಕೆ ಹಾಕಿ ಕೂತರೆ ಸಾಕು, ಮಾತು ಅಲ್ಲಿಗೇ ಬರುತ್ತಿತ್ತು.

"ನಾಯಿಗೆ ದೇವ್ರು ಬಾಯಿ ಕೊಟ್ಟಿರೋದ್ ಯಾಕೋ? ಮುದ್ದೆ ನುಂಗಾಕ್ ಮಾತ್ರಾನಾ?"

"ಹಂದೀಗೂ ಕಿವಿ ಕೊಟ್ಟವ್ನಲ್ಲ ಅಪ್ಪಯ್ಯ."

"ಬೊಗಳ್ದೇ ಇರೋ ನಾಯಿ ಕಳ್ಳರ ಮನೇದು ಕಣೋ. ಮರ್ಯಾದಸ್ತರ ಮನೇಲಿ ಇರೋದಲ್ಲ."

"ನಿನ್ ನಾಯಿ ಬೊಗಳೋದ್ ಕೇಳಿದ್ ಹಂದಿ ತರೀಕೆರೆ ಸಂತೆ ಮುಗಿಸ್ಕೊಂಡು ವಾಪಸ್ ಬಂದಿರ್ತದೆ, ನೀವಿನ್ನೂ ಈಟಿ ಹಿಡ್ಕೊಂಡು ಬದು ದಾಟ್ತಾ ಇರ್ತೀರಿ."

ಅಪ್ಪ ನಗುತ್ತಿರಲಿಲ್ಲ. ಅವರಿಗೆ ಬೇಟೆಯೆಂದರೆ ಕಿವಿಯ ಕೆಲಸ. ಎಷ್ಟೋ ಸಲ ನೋಡಿದ್ದೇನೆ: ನಾಯಿಗಳು ಪೊದೆಯೊಳಗೆ ಮರೆಯಾದ ಮೇಲೆ ಅವರು ಕಣ್ಣು ಮುಚ್ಚಿ ನಿಂತು ಹೇಳುತ್ತಿದ್ದರು, ಈಗ ಹಳ್ಳ ಇಳೀತು, ಈಗ ಬಂಡೆ ಸುತ್ತುತಾ ಇದೆ, ಈಗ ಜಾಡು ತಪ್ತು. ಜಾಡಿನ ಮೇಲೆ ಹೋಗುವಾಗ ನಾಯಿ ಬಿಟ್ಟುಬಿಟ್ಟು ಬೊಗಳುತ್ತದೆ. ಹಂದಿ ತಿರುಗಿ ನಿಂತಿತೆಂದರೆ ಒಂದೇ ಸಮನೆ, ಉಸಿರು ತೆಗೆದುಕೊಳ್ಳದಂತೆ. ಆ ವ್ಯತ್ಯಾಸ ಕೇಳಿದ ಕೂಡಲೇ ಜನ ಈಟಿ ಹಿಡಿದು ಓಡಬೇಕು. "ನಾಯಿ ಬಾಯಿ ಬಿಡೋದು ಹಂದೀಗಲ್ಲ, ನಮಗೆ" ಎನ್ನುತ್ತಿದ್ದರು. ನಾನು ಅದನ್ನು ಹಳೆಯ ಕಾಲದವರ ಮಾತೆಂದು ಕೇಳಿ ಬಿಟ್ಟಿದ್ದೆ.

ಆಗ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಹಿಂದಿನ ವರ್ಷದ ರಜೆಯಲ್ಲಿ ಅಣ್ಣ ನಾಯಿಗಳನ್ನು ಪಳಗಿಸುವಾಗ ಅವುಗಳ ಹಗ್ಗ ಹಿಡಿದವಳು ನಾನೇ. ಒಣಗಿದ ಹಂದಿ ಚರ್ಮಕ್ಕೆ ಹುರಿ ಕಟ್ಟಿ ಅವನು ತೋಟದುದ್ದಕ್ಕೂ ಎಳೆದುಕೊಂಡು ಹೋಗುತ್ತಿದ್ದ. ನಾಯಿ ಕುಂಯ್ ಎಂದರೆ ನಾನು ಹಗ್ಗ ಜಗ್ಗಬೇಕು, ಅವನು ಬಂದು ಅದರ ಮೂತಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದ. ಸದ್ದಿಲ್ಲದೆ ಜಾಡು ಮುಗಿಸಿದರೆ ಒಂದು ಚೂರು ಬೆಲ್ಲ.

"ನೀನೇ ಸರಿ ಕಣೇ ಇದಕ್ಕೆ. ನಿಮ್ಮತ್ತಿಗೆ ಕೈಗೆ ಹಗ್ಗ ಕೊಟ್ರೆ ನಾಯಿಗಿಂತ ಮುಂಚೆ ಅವಳೇ ಬೊಗಳ್ತಾಳೆ."

ಅತ್ತಿಗೆ ಹಿತ್ತಲಿನಿಂದಲೇ ಉತ್ತರ ಕೊಟ್ಟಳು. "ಬೊಗಳೋಳು ಇರೋದ್ರಿಂದ್ಲೇ ನಿಮ್ಗೆ ಹೊತ್ತಿಗ್ ಸರಿಯಾಗಿ ಊಟ ಸಿಕ್ತಾ ಇರೋದು. ನಾನೂ ನಿಮ್ ತಂಗೀ ಹಂಗೆ ಬಾಯಿ ಹೊಲ್ಕೊಂಡ್ರೆ ಗೊತ್ತಾಗ್ತದೆ."

ಎರಡು ನಾಯಿಗಳಲ್ಲಿ ಕಂದುಬಣ್ಣದ್ದು ಬೇಗ ಕಲಿಯಿತು. ಬಿಳಿ ಎದೆಯದು ತಡವಾಗಿ ಕಲಿಯಿತು, ಆದರೆ ಅದು ಕಲಿತದ್ದನ್ನು ಮತ್ತೆಂದೂ ಮರೆಯಲಿಲ್ಲ. ಮುಳ್ಳು ತುಳಿದರೂ ಅದು ಸದ್ದು ಮಾಡುತ್ತಿರಲಿಲ್ಲ. ಕಾಲೆತ್ತಿಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಿತ್ತು.

ಕೊನೆಯ ಪರೀಕ್ಷೆ ಮುಗಿಸಿ ನಾನು ಊರಿಗೆ ಬಂದದ್ದು ಯುಗಾದಿಗೆ ನಾಲ್ಕು ದಿನ ಇರುವಾಗ. ಹಬ್ಬದ ಮಾರನೆಯ ದಿನ ವರ್ಷದ ತೊಡಕು. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆಂದು ನಮ್ಮ ಕಡೆ ನಂಬಿಕೆ. ಹಾಗಾಗಿ ಊರ ಗಂಡಸರೆಲ್ಲ ಬೇಟೆಗೆ ಹೊರಡುತ್ತಾರೆ. ಯುಗಾದಿಯ ಸಂಜೆ ಜಗಲಿಯಲ್ಲಿ ಅದೇ ಜಗಳ ಮತ್ತೆ ಎದ್ದಿತು. ಅಪ್ಪ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು.

"ನೀನ್ ಓದಿರೋಳು. ನೀನ್ ಹೇಳವ್ವ. ನಾಯಿ ಬೊಗಳ್ಬೇಕೋ ಬ್ಯಾಡ್ವೋ?"

ಮನೆಯಲ್ಲಿ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ನಾನು ಸ್ವಲ್ಪ ಯೋಚಿಸಿ ಹೇಳಿದೆ: "ಬೊಗಳಿದರೆ ಜನಕ್ಕೂ ತಿಳಿಯುತ್ತದೆ, ಹಂದಿಗೂ ತಿಳಿಯುತ್ತದೆ. ಬೊಗಳದಿದ್ದರೆ ಇಬ್ಬರಿಗೂ ತಿಳಿಯುವುದಿಲ್ಲ. ಜನ ನಡೆದುಕೊಂಡು ಹೋಗಿ ತಿಳಿದುಕೊಳ್ಳಬಹುದು. ಹಂದಿಗೆ ಆ ಅನುಕೂಲ ಇಲ್ಲ. ಆದ್ದರಿಂದ ಬೊಗಳದಿರುವುದೇ ಸರಿ."

ಅಣ್ಣ ತೊಡೆ ತಟ್ಟಿ ನಕ್ಕ. "ಹೆಂಗೆ! ಮೈಸೂರಿನ ತೀರ್ಪು ಕಣಪ್ಪಯ್ಯ. ಇದಕ್ಕೆ ಅಪೀಲ್ ಇಲ್ಲ."

ನನಗೂ ಒಳಗೊಳಗೇ ಹಿಗ್ಗಾಯಿತು. ಮಾತು ಅಚ್ಚುಕಟ್ಟಾಗಿತ್ತು. ಜನವೂ ಬೀಳಬಹುದು, ನಡೆಯಲಾರದಂತಾಗಬಹುದು ಎಂಬುದೊಂದು ಅದರಲ್ಲಿ ಬಿಟ್ಟುಹೋಗಿತ್ತು.

"ಆಯ್ತು" ಎಂದು ಅಪ್ಪ ಎದ್ದರು. "ನಾಳೆ ನಾನ್ ಊರ್ನೋರ ಜೊತೆ ಮೂಡ್ಲ ಗುಡ್ಡಕ್ಕೆ ಹೋಗ್ತೀನಿ. ನೀನ್ ನಿನ್ ಮೂಗ್ರನ್ನ ಕರ್ಕೊಂಡು ಎತ್ಲಾಗಾದ್ರೂ ಹೋಗು. ಸಂಜೆಗೆ ಯಾರ್ ಹಂದಿ ಅಂಗಳದಾಗ್ ಬಿದ್ದಿರ್ತದೋ ನೋಡಾಣ."

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಅಣ್ಣ ಹಿತ್ತಲ ಬಾಗಿಲಿನಿಂದ ಹೋಗಿದ್ದ. ಅಪ್ಪ ಮತ್ತು ಊರವರು ಬಿಸಿಲೇರಿದ ಮೇಲೆ ತಮಟೆ ಬಡಿಯುತ್ತ ಮೂಡಲಿಗೆ ಹೋದರು. ಮನೆಯಲ್ಲಿ ಅವ್ವ, ಅತ್ತಿಗೆ, ನಾನು. ಅತ್ತಿಗೆ ಮಸಾಲೆ ಅರೆಯುತ್ತಿದ್ದಳು. ಹಂದಿ ಯಾರದಾದರೂ ಅರೆಯುವುದು ತನಗೆ ತಪ್ಪದು ಎಂದು ನಗುತ್ತಿದ್ದಳು.

ನನ್ನ ಬಳಿ ಕೈಗಡಿಯಾರವಿತ್ತು. ಆ ದಿನದ ಹೊತ್ತುಗಳು ನನಗೆ ಇಷ್ಟು ಸರಿಯಾಗಿ ಗೊತ್ತಿರುವುದು ಅದರಿಂದ. ಹತ್ತು ಗಂಟೆ ಕಳೆದಿತ್ತು. ಅತ್ತಿಗೆ ಕಲಗಚ್ಚು ಚೆಲ್ಲಲು ಹಿತ್ತಲಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಗಾಡಿಯ ಕೆಳಗೆ ಕಂದು ನಾಯಿ ಮಲಗಿತ್ತು. ಪಕ್ಕೆ ಒಂದು ಗೇಣುದ್ದ ಸೀಳಿತ್ತು. ನಾನು ಮುಟ್ಟಿ ನೋಡಿದೆ. ಅಂಚಿನಲ್ಲಿ ರಕ್ತ ಆಗಲೇ ಒಣಗಿತ್ತು. ಅದು ಬಂದು ಬಹಳ ಹೊತ್ತಾಗಿತ್ತು. ಹಿತ್ತಲ ಬಾಗಿಲಿಗೆ ಹತ್ತು ಹೆಜ್ಜೆಯಲ್ಲಿ ಮಲಗಿದ್ದರೂ ನಮಗೆ ಯಾರಿಗೂ ತಿಳಿದಿರಲಿಲ್ಲ. ಬೇರೆ ಯಾವ ನಾಯಿಯಾದರೂ ಊರೆಲ್ಲ ಕೇಳುವಂತೆ ಅರಚಿಕೊಂಡು ಬರುತ್ತಿತ್ತು.

ಅತ್ತಿಗೆ ಅದರ ಮುಂದೆ ಕುಕ್ಕರಿಸಿದಳು. "ಎಲ್ಲೋ ಅವ್ರು? ಎಲ್ ಬಿಟ್ ಬಂದ್ಯೋ? ಎದ್ದೇಳೋ, ತೋರ್ಸೋ, ನಿನ್ ಕಾಲಿಗೆ ಬೀಳ್ತೀನಿ ಕಣೋ."

ನಾಯಿ ಅವಳ ಕೈ ನೆಕ್ಕಿತು. ಏಳಲು ನೋಡಿತು, ಹಿಂಗಾಲು ಕುಸಿಯಿತು. ಅಷ್ಟೇ.

ಊರಿನಲ್ಲಿ ಉಳಿದಿದ್ದ ಗಂಡಸರೆಂದರೆ ನಡೆಯಲಾರದ ಮುದುಕರು. ಅವ್ವ ಸೆರಗು ಸಿಕ್ಕಿಸಿಕೊಂಡು ಅಪ್ಪನನ್ನು ಕರೆತರಲು ಮೂಡಲ ಗುಡ್ಡದ ಕಡೆ ತಾನೇ ಹೊರಟಳು. ಅದು ಮೂರು ಮೈಲಿ. ಅತ್ತಿಗೆಯೂ ನಾನೂ ಒಂದು ಚೊಂಬು ನೀರು ಹಿಡಿದು ಕಾವಲಿಗೆ ಓಡಿದೆವು.

ಹೊಲದ ಬದುವಿನವರೆಗೆ ರಕ್ತದ ಹನಿ ಕಾಣುತ್ತಿತ್ತು. ಕಾವಲಿನ ಕಲ್ಲುನೆಲಕ್ಕೆ ಬಂದ ಮೇಲೆ ಹನಿಗಳ ನಡುವೆ ದೂರ ಹೆಚ್ಚಾಯಿತು, ಆಮೇಲೆ ಏನೂ ಇಲ್ಲ. ಮುಂದೆ ಎರಡು ಗುಡ್ಡ, ಎರಡರ ಬುಡದಲ್ಲೂ ಆಳೆತ್ತರದ ಪೊದೆ. ಕಾವಲಿನವನ ಗುಡಿಸಿಲಿಗೆ ಹೋಗಿ ನೋಡಿದೆವು. ಹಬ್ಬಕ್ಕೆ ಊರಿಗೆ ಹೋಗಿದ್ದನೆಂದು ಕಾಣುತ್ತದೆ, ಬಾಗಿಲಿಗೆ ಹಗ್ಗ ಬಿಗಿದಿತ್ತು. ಒಬ್ಬ ಮನುಷ್ಯನಿಲ್ಲ. ನಾಯಿಯ ಸದ್ದಿಲ್ಲ. ದೂರದಲ್ಲಿ, ಮೂಡಲಲ್ಲಿ, ಗಾಳಿ ಇತ್ತ ತಿರುಗಿದಾಗ ಅಪ್ಪನ ನಾಯಿಗಳು ಬೊಗಳುವುದು ಕೇಳಿಸುತ್ತಿತ್ತು. ಮೂರು ಮೈಲಿ ದೂರದ ನಾಯಿಗಳು ಎಲ್ಲಿವೆಯೆಂದು ನಾವು ಬೆರಳಿಟ್ಟು ತೋರಿಸಬಹುದಾಗಿತ್ತು.

ಅತ್ತಿಗೆ ಕೂಗಲು ಬಾಯಿ ತೆರೆದಳು, ನಿಂತಳು. ಗಂಡನ ಹೆಸರು ಅವಳು ಹೇಳುವಂತಿರಲಿಲ್ಲ. ಮದುವೆಯಾದ ಆರು ವರ್ಷಗಳಲ್ಲಿ ಆ ಹೆಸರು ಅವಳ ಬಾಯಿಂದ ಬಂದದ್ದಿಲ್ಲ. ನನ್ನ ಮುಖ ನೋಡಿದಳು, ಮತ್ತೆ ಗುಡ್ಡದ ಕಡೆ ತಿರುಗಿ ಬಿಳಿ ಎದೆಯ ನಾಯಿಯ ಹೆಸರು ಹಿಡಿದು ಕೂಗಿದಳು. "ಬಾರೋ... ಬಾರೋ..." ಎಂದು ಗಂಟಲು ಹರಿಯುವಂತೆ, ನಾಯಿಯನ್ನು.

ಹನ್ನೊಂದೂವರೆಯವರೆಗೆ ಇಬ್ಬರೂ ಒಟ್ಟಿಗೆ ಅಲೆದೆವು. ಒಂದೇ ಜಾಗಕ್ಕೆ ಎರಡೆರಡು ಸಲ ಬಂದೆವು. ಅತ್ತಿಗೆಯ ಸೀರೆ ಮುಳ್ಳಿಗೆ ಸಿಕ್ಕಿ ಹರಿದಿತ್ತು, ಕಾಲಿನಿಂದ ರಕ್ತ ಸುರಿಯುತ್ತಿತ್ತು. ಹೀಗೆ ಹುಡುಕಿದರೆ ಸಂಜೆಯಾದರೂ ಮುಗಿಯುವುದಿಲ್ಲ ಎಂದು ನನಗನ್ನಿಸಿತು. ಬೇರೆ ಬೇರೆಯಾಗೋಣ ಎಂದೆ. ಉತ್ತರದ ಗುಡ್ಡ ಅವಳಿಗೆ, ದಕ್ಷಿಣದ್ದು ನನಗೆ.

ನಾನು ಒಂದು ಕ್ರಮ ಮಾಡಿಕೊಂಡೆ. ಗುಡ್ಡದ ಬುಡವನ್ನು ಸುತ್ತುತ್ತ ಪ್ರತಿ ಐವತ್ತು ಹೆಜ್ಜೆಗೊಮ್ಮೆ ನಿಲ್ಲುವುದು. "ಅಣ್ಣಾ" ಎಂದು ಒಮ್ಮೆ ಜೋರಾಗಿ ಕೂಗುವುದು. ಮನಸ್ಸಿನಲ್ಲೇ ಇಪ್ಪತ್ತು ಎಣಿಸುತ್ತ ಕಿವಿಗೊಡುವುದು. ಮತ್ತೆ ಕೂಗಿದರೆ ಅವನ ಕ್ಷೀಣ ದನಿ ನನ್ನ ದನಿಯಲ್ಲೇ ಮುಚ್ಚಿಹೋದೀತು. ಉತ್ತರ ಬಾರದಿದ್ದರೆ ಅಲ್ಲಿನ ಹುಲ್ಲಿಗೆ ಒಂದು ಗಂಟು ಹಾಕಿ, ಇಲ್ಲಿ ನೋಡಿಯಾಯಿತು ಎಂದು ಗುರುತು ಮಾಡಿ, ಮುಂದಕ್ಕೆ ಹೋಗುವುದು. ಹೀಗೆ ಹದಿನೇಳು ಗಂಟು ಹಾಕಿದೆ. ಕೂಗುವುದು ನನಗೆ ಅಭ್ಯಾಸವಿರಲಿಲ್ಲ. ಮೊದಲ ಎರಡು ಮೂರು ಸಲ ದನಿಯೇ ಸರಿಯಾಗಿ ಹೊರಡಲಿಲ್ಲ. ಆಮೇಲೆ ಹೊರಟಿತು. ಬಿಸಿಲು ನೆತ್ತಿಗೆ ಬಂದಿತ್ತು. ಬಂಡೆಗಳಿಂದ ಸೆಕೆ ಏಳುತ್ತಿತ್ತು. ಪ್ರತಿ ಸಲ ಇಪ್ಪತ್ತು ಎಣಿಸುವಾಗ ಹದಿನೈದರ ಹೊತ್ತಿಗೆ ಏನೋ ಕೇಳಿಸಿದಂತಾಗಿ ಅತ್ತ ತಿರುಗುತ್ತಿದ್ದೆ. ನೋಡಿದರೆ ಓತಿಕೇತವೋ ಒಣಗಿದ ಎಲೆಯೋ. ನಾನು ಮನಸ್ಸಿನಲ್ಲಿ ಆ ಬಿಳಿ ಎದೆಯ ನಾಯಿಯನ್ನು ಬೇಡಿಕೊಂಡೆ. ಒಂದೇ ಒಂದು ಸಲ ಬೊಗಳು. ಯಾರು ಏನಾದರೂ ಅನ್ನಲಿ, ಒಂದು ಸಲ ಬಾಯಿ ಬಿಡು.

ಗುಡ್ಡ ಸುತ್ತಿ ಬಂದಾಗ ಒಂದೂವರೆ. ಅತ್ತಿಗೆ ಉತ್ತರದಿಂದ ಬಂದಳು. ಅವಳ ದನಿ ಬಿದ್ದುಹೋಗಿತ್ತು, ಬರೀ ಗಾಳಿ ಬರುತ್ತಿತ್ತು.

"ಇದ್ರಾ?"

"ಇಲ್ಲ. ಆ ಕಡೆಯೆಲ್ಲ ನೋಡಿದೆ. ಅಲ್ಲಿಲ್ಲ."

ಅಲ್ಲಿಲ್ಲ ಎಂದು ನಾನು ಖಚಿತವಾಗಿ ಹೇಳಿದೆ. ಅದರಿಂದಾಗಿ ನಾವು ದಕ್ಷಿಣದ ಗುಡ್ಡವನ್ನು ಬಿಟ್ಟು ಇನ್ನೂ ಆಚೆ, ಹಳ್ಳದ ಕಡೆಗೆ ಹೋದೆವು. ಹಳ್ಳದಲ್ಲಿ ಎರಡು ಗಂಟೆ ಕಳೆದೆವು. ಅಲ್ಲಿ ನೀರಿರಲಿಲ್ಲ, ಚೊಂಬಿನದು ಮುಗಿದಿತ್ತು. ಅತ್ತಿಗೆ ಒಂದು ಕಡೆ ಕೂತು ನೆಲಕ್ಕೆ ಅಂಗೈ ಬಡಿಯತೊಡಗಿದಳು. ಅಳುತ್ತಿರಲಿಲ್ಲ. ಬಡಿಯುತ್ತಿದ್ದಳು, ಅಷ್ಟೇ.

ಗುಡ್ಡದಲ್ಲೆಲ್ಲ ಹುಡುಕಿ ಅವ್ವ ಅವರನ್ನು ಹಿಡಿದು, ಅಪ್ಪ ಹೊಲದ ಬದುವಿಗೆ ಬಂದಾಗ ಮೂರೂವರೆ. ನಾವೂ ಹಳ್ಳದಿಂದ ಅಲ್ಲಿಗೆ ಮರಳಿದ್ದೆವು. ಹಿಂದೆ ಏಳೆಂಟು ಜನ, ಹಗ್ಗದ ತುದಿಯಲ್ಲಿ ಅವರ ಮುದಿ ಹೆಣ್ಣುನಾಯಿ. ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಹೊಲದ ಬದುವಿನ ರಕ್ತದ ಹನಿಗೆ ಅದರ ಮೂಗು ಹಿಡಿದು ತೋರಿಸಿ ಹಗ್ಗ ಬಿಚ್ಚಿದರು. ನಾವು ಕಳೆದುಕೊಂಡ ಕಲ್ಲುನೆಲದ ಮೇಲೆ ಅದು ಮೂಗೂರಿ ಎರಡು ಸುತ್ತು ಹಾಕಿತು. ಆಮೇಲೆ ಒಮ್ಮೆ ಬೊಗಳಿತು. ಹತ್ತು ಮಾರು ಹೋಗಿ ಇನ್ನೊಮ್ಮೆ. ದಕ್ಷಿಣದ ಗುಡ್ಡದ ಕಡೆಗೆ ತಿರುಗಿತು.

"ಅಲ್ಲಿ ನೋಡಿದ್ದೇನೆ ಅಪ್ಪ" ಎಂದೆ.

ಅಪ್ಪ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು. ಕಣ್ಣು ಮುಚ್ಚಿದ್ದರು. ಬೊಗಳು ಬಿಟ್ಟುಬಿಟ್ಟು ಕೇಳುತ್ತಿತ್ತು, ದೂರವಾಗುತ್ತ. ಆಮೇಲೆ ಒಂದೇ ಸಮನಾಯಿತು. ಅಪ್ಪ ಕಣ್ಣು ತೆರೆದು ಓಡಿದರು. ಅವರಿಗೆ ಆಗ ಅರವತ್ತರ ಹತ್ತಿರ.

ಅಣ್ಣ ಪೊದೆಯೊಳಗೆ ಬಂಡೆಗೆ ಒರಗಿ ಕೂತಿದ್ದ. ಬಲತೊಡೆಯನ್ನು ಹಂದಿಯ ಕೋರೆ ಸೀಳಿತ್ತು. ಮೇಲೆ ರುಮಾಲು ಬಿಗಿದುಕೊಂಡಿದ್ದ, ಅದು ಕಪ್ಪಾಗಿತ್ತು. ಬಿಳಿ ಎದೆಯ ನಾಯಿ ಅವನ ಕಾಲ ಬಳಿ ಮಲಗಿತ್ತು. ಅಪ್ಪನ ನಾಯಿ ಅದರ ಮೂತಿಗೆ ಮೂತಿ ಇಟ್ಟು ಬೊಗಳುತ್ತಿದ್ದರೂ ಅದು ಬಾಯಿ ಬಿಡಲಿಲ್ಲ. ನಾನು ತಿರುಗಿ ನೋಡಿದೆ. ಪೊದೆಯ ಹೊರಗೆ, ನಾಲ್ಕು ಮಾರು ದೂರದಲ್ಲಿ, ಹುಲ್ಲಿಗೆ ಹಾಕಿದ ಗಂಟು ಇತ್ತು. ನನ್ನದೇ. ಹನ್ನೊಂದನೆಯದೋ ಹನ್ನೆರಡನೆಯದೋ. ನಾನು ಕೂಗಿದಾಗ ಆ ನಾಯಿ ಅಲ್ಲೇ ಇತ್ತು. ಅದಕ್ಕೆ ನನ್ನ ದನಿ ಗೊತ್ತಿತ್ತು, ವಾಸನೆ ಗೊತ್ತಿತ್ತು. ಜಾಡಿನ ಮೇಲಿರುವಾಗ ಸದ್ದು ಮಾಡಬಾರದೆಂದು ಅದಕ್ಕೆ ಹಗ್ಗ ಜಗ್ಗಿ ಕಲಿಸಿದ್ದು ನನ್ನ ಕೈಯೇ.

ಅವನಿಗೆ ಪ್ರಜ್ಞೆಯಿತ್ತು. ಗಾಡಿ ತರಿಸಿದರು. ಹಾಸಿಗೆ, ಹಾಲು ಸಿದ್ಧಮಾಡಲು ಅತ್ತಿಗೆಯನ್ನು ಮುಂದಾಗಿ ಮನೆಗೆ ಕಳಿಸಿದರು. ಅಪ್ಪ ಎತ್ತುಗಳ ಮೂಗುದಾರ ಹಿಡಿದು ಮುಂದೆ ನಡೆಯುತ್ತಿದ್ದರು. ಗಾಡಿಯೊಳಗೆ ಅವನ ತಲೆ ನನ್ನ ತೊಡೆಯ ಮೇಲಿತ್ತು. ನೀರು ಕುಡಿದ ಮೇಲೆ ಅವನು ಮೆಲ್ಲಗೆ ಮಾತಾಡಿದ.

"ಹಂದಿ ಅಲ್ಲೇ ಎಲ್ಲೋ ಇತ್ತು ಕಣೇ. ಈಟಿ ಚುಚ್ಚಿಸ್ಕೊಂಡು ಗೊರಗುಟ್ತಿತ್ತು. ಕೂಗಿದ್ರೆ ಮೇಲ್ ಬೀಳ್ತದೆ ಅಂತ ಸುಮ್ನಿದ್ದೆ." ಸ್ವಲ್ಪ ತಡೆದು, "ಮಧ್ಯಾಹ್ನ ಯಾರೋ ಕೂಗಿದ್ರು. ಅಣ್ಣಾ ಅಂತ. ನೀನೇನಾ?"

"ಹೌದು."

"ಹಂದಿ ಸದ್ದೂ ನಿಂತಿತ್ತು ಆಗ. ಇನ್ನೊಂದ್ಸಲ ಕೂಗ್ಲಿ ಓ ಅನ್ನಾಣ ಅಂತ ಕಾದೆ. ಕೂಗ್ಲೇ ಇಲ್ಲ. ಮಟಮಟ ಮಧ್ಯಾಹ್ನ, ಹೆಣ್ಣು ದನಿ, ಒಂದೇ ಕೂಗು. ಅದೇ ಇರ್ಬೇಕು ಅಂದ್ಕೊಂಡೆ." ಅವನ ತುಟಿ ನಗುವಂತೆ ಅಲುಗಿತು. "ಬಿ.ಎ. ಓದಿರೋ ಮೋಹಿನಿ ಅಂತ ಗೊತ್ತಾಗ್ಲಿಲ್ಲ ಕಣೇ."

ನಮ್ಮ ಕಡೆ ಅಡವಿಯಲ್ಲಾಗಲಿ, ನಡುಮಧ್ಯಾಹ್ನವಾಗಲಿ ಒಂದೇ ಕೂಗಿಗೆ ಯಾರೂ ಓಗೊಡುವುದಿಲ್ಲ. ಮನುಷ್ಯರಾದರೆ ಎರಡನೆಯ ಸಲ ಕೂಗುತ್ತಾರೆ. ಮನುಷ್ಯರಲ್ಲದ್ದಕ್ಕೆ ಎರಡನೆಯ ಸಲ ಕೂಗುವ ಶಕ್ತಿಯಿಲ್ಲ. ಓ ಎಂದವನನ್ನು ಅದು ಕರೆದುಕೊಂಡು ಹೋಗುತ್ತದೆ. ಇದನ್ನು ನಾನು ಮೈಸೂರಿನಲ್ಲಿ ಹೊಸದಾಗಿ ಕಲಿಯಬೇಕಾದ ವಿಷಯವೇನೂ ಆಗಿರಲಿಲ್ಲ. ಮಾತು ಬರುವ ಮೊದಲೇ ಗೊತ್ತಿತ್ತು. ಅಲ್ಲಿನ ಮೂರು ವರ್ಷಗಳಲ್ಲಿ ಅದು ಬಿಟ್ಟುಹೋಗಿತ್ತು. ಹಾಸ್ಟೆಲಿನಲ್ಲಿ ಒಂದು ಸಲ ಕರೆದರೆ ಸಾಕು. ಎರಡು ಸಲ ಕರೆಯುವುದು ಒರಟುತನ.

ಅಜ್ಜಂಪುರ ಸೇರಿದಾಗ ದೀಪ ಹಚ್ಚುವ ಹೊತ್ತು. ಅವ್ವ, ಅತ್ತಿಗೆ ಇಬ್ಬರೂ ಗಾಡಿಯಲ್ಲಿ ಬಂದಿದ್ದರು. ಡಾಕ್ಟರು ಗಾಯ ತೊಳೆದು ಕಟ್ಟಿದರು. ಬೆಳಗಿನ ಮೋಟಾರಿನಲ್ಲಿ ತರೀಕೆರೆಯ ಆಸ್ಪತ್ರೆಗೆ ಸಾಗಿಸಿ ಎಂದರು. ಹೊರಗೆ ಬಂದು ಅಪ್ಪನಿಗೆ ತಗ್ಗಿದ ದನಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. "ರಕ್ತ ಬಹಳ ಹೋಗಿದೆ. ಮಧ್ಯಾಹ್ನದ ಹೊತ್ತಿಗೆ ತಂದಿದ್ದರೆ ನಾನು ಧೈರ್ಯ ಹೇಳುತ್ತಿದ್ದೆ."

ಮೋಟಾರು ಬರುವ ಮೊದಲೇ ಅಣ್ಣ ತೀರಿಕೊಂಡ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮಾತಿಗೆ ಒಂದೇ ವಿಷಯವಿತ್ತು. ಬಂದವರೆಲ್ಲ ಅದನ್ನೇ ಹೇಳಿದರು. ಬೊಗಳದ ನಾಯಿ ಕೊಂದಿತು. ಒಂದು ಸಲ ಬೊಗಳಿದ್ದರೆ ಉಳಿಯುತ್ತಿದ್ದ. ಕಂದು ನಾಯಿ ಎರಡನೆಯ ದಿನವೇ ಸತ್ತಿತ್ತು. ಬಿಳಿ ಎದೆಯದು ಹಿತ್ತಲ ಬಾಗಿಲ ಬಳಿ ಮಲಗಿರುತ್ತಿತ್ತು. ಅತ್ತಿಗೆ ನಾಲ್ಕು ನಾಯಿಗಳಲ್ಲಿ ಮೂರಕ್ಕೆ ಮಾತ್ರ ಮುದ್ದೆ ಹಾಕಿದಳು. ಅದು ಹತ್ತಿರ ಬಂದರೆ "ಹಚಾ" ಎಂದು ಮಣ್ಣು ತೂರಿದಳು. ನಾನು ನನ್ನ ತಟ್ಟೆಯದನ್ನು ಕದ್ದು ಹಾಕಲು ನೋಡಿದೆ. ಅದು ನನ್ನ ಕೈಯಿಂದ ತಿನ್ನಲಿಲ್ಲ, ಅತ್ತಿಗೆಯ ದಾರಿ ನೋಡುತ್ತಿತ್ತು.

ನಾನು ಯಾರಿಗೂ ಹೇಳಿರಲಿಲ್ಲ. ಪ್ರತಿ ದಿನ ಬೆಳಗ್ಗೆ ಎದ್ದಾಗ ಇವತ್ತು ಹೇಳಬೇಕು ಅಂದುಕೊಳ್ಳುತ್ತಿದ್ದೆ. ಯಾರ ಮುಂದೆ, ಯಾವ ಮಾತಿನಿಂದ ಶುರುಮಾಡಬೇಕೆಂದು ವಾಕ್ಯಗಳನ್ನು ಕಟ್ಟುತ್ತಿದ್ದೆ. ಯಾವ ವಾಕ್ಯ ಕಟ್ಟಿದರೂ ಅದರ ಕೊನೆಗೆ ಬರುವ ಹೊತ್ತಿಗೆ ಅತ್ತಿಗೆಯ ಮುಖ ಎದುರಿಗೆ ಬರುತ್ತಿತ್ತು. ಗಾಡಿಯಲ್ಲಿ ಅವನು ಹೇಳಿದ್ದು ನನಗೊಬ್ಬಳಿಗೆ. ನಾನು ಹೇಳದಿದ್ದರೆ ಅದು ಯಾರಿಗೂ ಎಂದೂ ಗೊತ್ತಾಗುವಂತಿರಲಿಲ್ಲ. ಇದನ್ನು ನೆನೆದಾಗ ನನಗೆ ಸಮಾಧಾನವಾಗುತ್ತಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ಹನ್ನೊಂದನೆಯ ದಿನದ ಕೆಲಸಗಳು ಮುಗಿದ ಮಾರನೆಯ ದಿನ ಬೆಳಗ್ಗೆ ಅಪ್ಪ ಹಗ್ಗ ಹಿಡಿದು ಹಿತ್ತಲಿಗೆ ಬಂದರು. ನೆರೆಮನೆಯವನ ಹತ್ತಿರ ಕೋವಿಯಿತ್ತು, ಅವನು ಬೇಲಿಯಾಚೆ ಕಾಯುತ್ತಿದ್ದ. ಅಪ್ಪ ನಾಯಿಯ ಕುತ್ತಿಗೆಗೆ ಹಗ್ಗ ಹಾಕಿದರು. ಅದು ಬೇಟೆಗೆಂದು ತಿಳಿದು ಬಾಲ ಅಲ್ಲಾಡಿಸಿತು. ಸದ್ದು ಮಾಡಬಾರದೆಂದು ಬಾಯಿ ಮುಚ್ಚಿಕೊಂಡೇ ಎದ್ದು ನಿಂತಿತು.

"ಅಪ್ಪ, ಬಿಡಿ ಅದನ್ನು" ಎಂದೆ.

"ನೀನ್ ಒಳೀಕ್ ಹೋಗವ್ವ."

"ಅಣ್ಣನಿಗೆ ನಾನು ಕೂಗಿದ್ದು ಕೇಳಿಸಿತ್ತು."

ಅಪ್ಪ ನಿಂತರು. ಅತ್ತಿಗೆ ಅಡಿಗೆಮನೆಯ ಹೊಸ್ತಿಲಿಗೆ ಬಂದಿದ್ದಳು. ಎಲ್ಲವನ್ನೂ ಹೇಳಿದೆ. ಹೊತ್ತು, ಜಾಗ, ಹುಲ್ಲಿನ ಗಂಟು, ಅವನು ಗಾಡಿಯಲ್ಲಿ ಆಡಿದ ಮಾತು. ಮೋಹಿನಿಯ ಮಾತನ್ನೂ ಬಿಡಲಿಲ್ಲ.

"ಒಂದೇ ಸಲ ಕೂಗಿದ್ಯಾ?"

"ಒಂದೇ ಸಲ."

ಅಪ್ಪ ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. ಅವರು ಹಗ್ಗ ಕೈಬಿಟ್ಟು ಒರಳುಕಲ್ಲಿನ ಮೇಲೆ ಕೂತರು. "ಚಿಕ್ಕೋನಿದ್ದಾಗ ಯಾರ್ ಕೂಗಿದ್ರೂ ಓ ಅಂತ ಓಡ್ತಿದ್ದ" ಎಂದರು. "ಹೊಡೆದು ಕಲಿಸ್ದೋನು ನಾನು." ಬೇಲಿಯಾಚೆ ನಿಂತಿದ್ದವನು ಸ್ವಲ್ಪ ಹೊತ್ತು ಕಾದು ಕೋವಿ ಹೆಗಲಿಗೇರಿಸಿ ಹೊರಟುಹೋದ.

ಅತ್ತಿಗೆ ಅಲ್ಲೇ ನಿಂತಿದ್ದಳು. ಅವಳ ದನಿ ಅಂದು ಬಿದ್ದುಹೋದದ್ದು ಇನ್ನೂ ಪೂರ್ತಿ ಬಂದಿರಲಿಲ್ಲ.

"ಇಷ್ಟ್ ದಿನ ಹೇಳ್ಲಿಲ್ವಲ್ಲೇ ನೀನು."

"ಹೇಳಲಿಲ್ಲ."

"ನಾನು ನಾಯೀನ ಕೂಗ್ಕೊಂಡ್ ಅಲೆದೆ. ನಾಯೀನ ಕೂಗಿದ್ರೆ ಅವ್ರು ಯಾಕ್ ಓ ಅಂತಾರೆ?" ಅವಳು ಇದನ್ನು ನನಗೆ ಹೇಳಿದಂತಿರಲಿಲ್ಲ. ಒಳಗೆ ಹೋಗಿ, ರಾತ್ರಿಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಬೋಗುಣಿಯಲ್ಲಿ ತಂದಳು. ನಾಯಿಯ ಮುಂದೆ ಇಟ್ಟು, ಅದರ ಕುತ್ತಿಗೆಯ ಹಗ್ಗ ಬಿಚ್ಚಲು ಕೂತಳು. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ಎಳೆದಳು. ನಾಯಿ ತಲೆಯೆತ್ತದೆ ತಿನ್ನುತ್ತಿತ್ತು. ಪಕ್ಕೆಯ ಎಲುಬುಗಳನ್ನು ಎಣಿಸಬಹುದಾಗಿತ್ತು.

ಸಹಾಯಕ್ಕೆಂದು ನಾನು ಬಗ್ಗಿ ಕೈಚಾಚಿದೆ. ಅತ್ತಿಗೆ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಒರಟಾಗಿ ಅಲ್ಲ, ಒಲೆಯ ಮುಂದೆ ಮಗುವಿನ ಕೈ ಸರಿಸುವಂತೆ. ಅವಳು ಗಂಟು ಬಿಚ್ಚಿ ಮುಗಿಸುವವರೆಗೂ ನಾನು ಅಲ್ಲೇ ನಿಂತಿದ್ದೆ. ಹೋಗು ಎಂದು ಯಾರೂ ಹೇಳಲಿಲ್ಲ. ಕೂತುಕೋ ಎಂದೂ ಹೇಳಲಿಲ್ಲ.